ಮೂರನೆಯ ಕರಿ ತುಂಡು

"ಉಪ್ಪು ನೋಡಿ ತೆತಾ," ಎಂದು ಮಾರೆಮ್ ಮರದ ಸೌಟನ್ನು ವೆರೋನಾಳ ಬಾಯಿಯ ಹತ್ತಿರ ಹಿಡಿದಳು. ಮಾರೆಮ್‌ಗೆ ರಂಜಾನ್ ಉಪವಾಸ. ಬೆಳಗ್ಗೆ ಏಳು ಗಂಟೆಗೆಲ್ಲ ಎರಡು ಮೂಟೆ ಆಲೂಗಡ್ಡೆ ಬೇಯಿಸಿ, ಕಿವುಚಿ, ಚೀಸ್ ಕಲಸಿಟ್ಟಿದ್ದಳು. ಆದರೆ ನಾಲಗೆಯ ತುದಿಗೂ ಒಂದು ಅಗುಳಿನಷ್ಟು ತಾಕಿಸಿರಲಿಲ್ಲ.

ವೆರೋನಾ ಚಪ್ಪರಿಸಿ ನೋಡಿದಳು. "ಇನ್ನೊಂದು ಚಿಟಿಕೆ ಹಾಕು. ನಮ್ಗೂ ಉಪವಾಸಾನೇ ಕಣೆ, ನಾವೇನು ನಿನ್ ಥರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀವಾ?"

"ಮಾಂಸ ಒಂದು ಬಿಟ್ಟು ಬೆಣ್ಣೇಲಿ ಮುಳುಗೇಳೋದಕ್ಕೆ ಉಪವಾಸ ಅಂತಾರಾ? ಬೇರೆ ಏನಾದ್ರೂ ಹೆಸರಿಡಿ ಅದಕ್ಕೆ."

ಮೇಜಿನ ಸುತ್ತ ಕೂತಿದ್ದ ಮುದುಕಿಯರೆಲ್ಲ ನಕ್ಕರು. ಈಸ್ಟರ್‌ಗೆ ಮುಂಚಿನ ಉಪವಾಸದ ಆರೇಳು ಶುಕ್ರವಾರ ಅಮೆರಿಕದ ಕೋಲ್ಟನ್ ಊರಿನ ಸ್ಲೊವಾಕ್ ಭವನದ ನೆಲಮಾಳಿಗೆಯಲ್ಲಿ ಪಿರೋಹಿ ಮಾಡಿ ಮಾರುವುದು ವೆರೋನಾಳ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಮೈದಾ ಹಿಟ್ಟಿನ ಬಿಲ್ಲೆಗೆ ಆಲೂಗಡ್ಡೆ ತುಂಬಿ, ಮಡಿಸಿ, ಅಂಚು ಚಿವುಟಿ ಕುದಿಯುವ ನೀರಿಗೆ ಬಿಡುವ ಕೆಲಸ. ಒಂದು ಕಾಲಕ್ಕೆ ಮೂವತ್ತು ಹೆಂಗಸರು ಸಾಲಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಾಲ್ವರು ಮುದುಕಿಯರು, ಅವರ ಗಂಟುಕಟ್ಟಿದ ಬೆರಳುಗಳು, ಮತ್ತೆ ಮಾರೆಮ್.

ಸೆನೆಗಲ್ ಮೂಲದ ಮಾರೆಮ್ ಮೂರು ವರ್ಷದ ಹಿಂದೆ ಭವನ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಲು ಬಂದವಳು, ಈ ಮುದುಕಿಯರ ಪಾಡು ನೋಡಲಾರದೆ ಕೈ ತೊಳೆದು ಕೆಲಸಕ್ಕೆ ಕೂತುಬಿಟ್ಟಿದ್ದಳು. ಅವರಿಂದಲೇ ಕಲಿತು ಮುದುಕಿಯರನ್ನು ತೆತಾ, ಎಂದರೆ ಅತ್ತೆ, ಮುದುಕರನ್ನು ಉಯೋ, ಎಂದರೆ ಮಾವ, ಎಂದು ಕರೆಯುತ್ತಿದ್ದಳು. ಮುಖ್ಯರಸ್ತೆಯಲ್ಲಿ ಅವಳದು ಜಡೆ ಹೆಣೆಯುವ ಅಂಗಡಿ. ಹಾಗಾಗಿ ಅವಳು ಚಿವುಟಿದ ಅಂಚು ಎಷ್ಟು ಕುದಿಸಿದರೂ ಬಿಚ್ಚುತ್ತಿರಲಿಲ್ಲ. ನಾಲ್ವರಲ್ಲಿ ಒಬ್ಬಳಾದ ಡೋರಾ ಬಾರ್ಟಕ್ ಮಾಡಿದ್ದು ಬಿಚ್ಚಿಕೊಂಡು ನೀರೆಲ್ಲ ಗಂಜಿಯಾಗುತ್ತಿತ್ತು. ಡೋರಾಗೆ ಮಾರೆಮ್‌ಳನ್ನು ಕಂಡರೆ ಆಗದಿರಲು ಇದೂ ಒಂದು ಕಾರಣ ಎಂದು ಹೇಳುವವರಿದ್ದರು.

ಕಳೆದ ವರ್ಷ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಇದೇ ಮೇಜಿಗೆ ಬಂದಿದ್ದಳು. ಸ್ಲೊವಾಕ್ ಮೂಲದವರ ಮತ್ತು ಸೆನೆಗಲ್ ಮೂಲದವರ ಆರ್ಥಿಕ, ಸಾಮಾಜಿಕ ಸ್ಥಿತಿಯನ್ನು ಹೋಲಿಸಿ ನೋಡುವುದು ಅವಳ ಕೆಲಸವಂತೆ. ವೆರೋನಾ, ಮಾರೆಮ್ ಇಬ್ಬರನ್ನೂ ಎದುರು ಕೂರಿಸಿಕೊಂಡು ಅವವೇ ಪ್ರಶ್ನೆಗಳನ್ನು ಕೇಳಿದಳು.

"ಸ್ವಂತ ಮನೆಯಾ?"

"ಸ್ವಂತದ್ದು," ಎಂದಳು ವೆರೋನಾ.

"ಬಾಡಿಗೆ," ಎಂದಳು ಮಾರೆಮ್.

"ಎಷ್ಟು ಕೋಣೆ? ಎಷ್ಟು ಜನ ಇದ್ದೀರಿ?"

"ಏಳು ಕೋಣೆ. ನಾನೊಬ್ಳೇ."

"ಮೂರು ಕೋಣೆ, ಒಂಬತ್ತು ಜನ. ಭಾನುವಾರದ್ದು ಹೇಳಕ್ಕಾಗಲ್ಲ."

"ನಿಮ್ಮ ಮಕ್ಕಳಲ್ಲಿ ಈ ಊರಲ್ಲೇ ಇರೋರು?"

ವೆರೋನಾ ಒಲೆಯ ಕಡೆ ನೋಡಿದಳು. "ಅದನ್ನ ಖಾಲಿ ಬಿಡಮ್ಮ."

"ನಾಲ್ಕೂ ಇಲ್ಲೇ," ಎಂದಳು ಮಾರೆಮ್. "ಎರಡು ಕೊಡ್ಲಾ ತೆತಾ? ದೊಡ್ಡದನ್ನ ಮಾತ್ರ ವಾಪಸ್ ತಗೊಳ್ಳಲ್ಲ."

ಕೊನೆಗೆ ಆ ಹುಡುಗಿ, ಇನ್ನು ಹತ್ತು ವರ್ಷಕ್ಕೆ ನಿಮ್ಮ ಸ್ಥಿತಿ ಈಗಿನದಕ್ಕಿಂತ ಸುಧಾರಿಸಿರುತ್ತದೆ ಅನ್ನಿಸುತ್ತದೆಯೇ ಎಂದು ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟರು. ಅದನ್ನು ಯಾವ ಖಾನೆಯಲ್ಲಿ ತುಂಬಬೇಕೆಂದು ತಿಳಿಯದೆ ಹುಡುಗಿ ಪೆನ್ನು ಹಿಡಿದು ಕೂತಳು.

ಈ ಮಾರ್ಚ್ ಹೊತ್ತಿಗೆ ಆ ಪ್ರಶ್ನೆ ಹತ್ತು ವರ್ಷದ್ದಾಗಿ ಉಳಿದಿರಲಿಲ್ಲ. ಭವನ ಇದ್ದದ್ದು ಸ್ಲೊವಾಕ್ ಕಾರ್ಮಿಕರ ಹಳೆಯ ಸಹಾಯ ಸಂಘವೊಂದರ ಹೆಸರಿನಲ್ಲಿ. ಹದಿನೈದು ಸದಸ್ಯರೂ ಇಲ್ಲದ ಶಾಖೆಗಳನ್ನು ಜೂನ್ ಒಳಗೆ ಮುಚ್ಚಿ ಕಟ್ಟಡ ಮಾರುವುದಾಗಿ ಕೇಂದ್ರ ಕಚೇರಿಯಿಂದ ಕಾಗದ ಬಂದಿತ್ತು. ಕೋಲ್ಟನ್ನಿನಲ್ಲಿ ಉಳಿದಿದ್ದದ್ದು ಒಂಬತ್ತು ಜನ. ಮಾರೆಮ್‌ಳ ಕಡೆಯವರಿಗೆ ಭಾನುವಾರ ಕೂತು ಪ್ರಾರ್ಥನೆಯ ಹಾಡು ಹಾಡಲು, ಮಕ್ಕಳಿಗೆ ಪಾಠ ಹೇಳಲು, ಯಾರಾದರೂ ಸತ್ತರೆ ನಾಲ್ಕು ಜನ ಸೇರಲು ಜಡೆ ಅಂಗಡಿಯ ಹಿಂದಿನ ಕೋಣೆ ಬಿಟ್ಟರೆ ಗತಿಯಿರಲಿಲ್ಲ. ಆ ಕಟ್ಟಡದ ಮಾಲೀಕ ಅದನ್ನೂ ನಿಲ್ಲಿಸಿ ಎಂದು ನೋಟೀಸು ಅಂಟಿಸಿದ್ದ.

"ನಿಮ್ಮವರು ಹನ್ನೊಂದು ಜನ ಅರ್ಜಿ ಹಾಕಿ," ಎಂದು ಹೇಳಿದವಳು ವೆರೋನಾಳೇ. ಶಾಖೆಯ ಕಾರ್ಯದರ್ಶಿ ಅವಳು. ಸದಸ್ಯರು ಸ್ಲೊವಾಕ್ ರಕ್ತದವರೇ ಆಗಿರಬೇಕೆಂಬ ನಿಯಮವನ್ನು ಐರಿಷ್ ಅಳಿಯಂದಿರಿಗಾಗಿ ಎಂದೋ ತೆಗೆದುಹಾಕಿದ್ದರು. ಒಂಬತ್ತಕ್ಕೆ ಹನ್ನೊಂದು ಸೇರಿದರೆ ಇಪ್ಪತ್ತಾಗುತ್ತಿತ್ತು. ಭವನ ಉಳಿಯುತ್ತಿತ್ತು, ಪಿರೋಹಿ ಉಳಿಯುತ್ತಿತ್ತು, ಮಾರೆಮ್‌ಳ ಕಡೆಯವರಿಗೂ ಒಂದು ಸೂರು ಆಗುತ್ತಿತ್ತು. ಇಷ್ಟು ಸುಲಭದ ಮಾತು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ವೆರೋನಾಗೆ ಆಶ್ಚರ್ಯವಾಗಿತ್ತು.

ಹನ್ನೊಂದು ಗಂಟೆಗೆ ಎಮಿಲ್ ಸಾಬೋಲ್ ತನ್ನ ಪಾಲಿನ ಪಿರೋಹಿ ಒಯ್ಯಲು ಬಂದ. ಶಾಖೆಯ ಅಧ್ಯಕ್ಷ. ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಅವನಿಗೆ ನಲವತ್ತು. ಅಂದಿನಿಂದ ಸಿಟ್ಟು ಮಾಡಿಕೊಂಡೇ ಎಂಬತ್ತು ತಲುಪಿದವನು.

"ಎಲ್ಲಿಯವಳು ನೀನು?" ಎಂದು ಮಾರೆಮ್‌ಳನ್ನು ಕೇಳಿದ. ಪ್ರತಿ ಶುಕ್ರವಾರವೂ ಕೇಳುತ್ತಿದ್ದ.

"ನ್ಯೂಯಾರ್ಕಿನ ಬ್ರಾಂಕ್ಸ್, ಸಾಬೋಲ್ ಉಯೋ. ಹೋದ ವಾರವೂ ಅಲ್ಲಿಯವಳೇ."

"ನೋಡು, ನಿನ್ನ ಮೇಲೆ ನಂಗೇನೂ ಹಗೆಯಿಲ್ಲ. ನಮ್ಮಜ್ಜ ಬಂದಾಗ ಒಂದು ಹಾಸಿಗೆಗೆ ಇಬ್ರು. ಹಗಲು ಪಾಳಿಯವನು ಏಳೋದು, ರಾತ್ರಿ ಪಾಳಿಯವನು ಬಂದು ಬೀಳೋದು. ಹಾಸಿಗೆ ತಣ್ಣಗಾಗ್ತಾನೇ ಇರ್ಲಿಲ್ವಂತೆ. ಹಂಕಿಗಳು ಅಂತ ಊರೆಲ್ಲ ಮುಖಕ್ಕೆ ಉಗೀತಿದ್ರು. ನಮ್ಗೆ ಯಾರೂ ಭವನ ಬಿಟ್ಕೊಡ್ಲಿಲ್ಲ. ನಾವೇ ಇಟ್ಟಿಗೆ ಹೊತ್ತು ಕಟ್ಕೊಂಡ್ವಿ."

ಮಾರೆಮ್ ಚಿವುಟುವುದನ್ನು ನಿಲ್ಲಿಸಲಿಲ್ಲ. "ನಮ್ಮನೆ ಹಾಸಿಗೇನೂ ತಣ್ಣಗಾಗಲ್ಲ ಉಯೋ. ಒಬ್ಬ ಮೈದುನ ಟ್ಯಾಕ್ಸಿ ಬಿಟ್ಟು ಬರ್ತಾನೆ, ಇನ್ನೊಬ್ಬ ಎದ್ದು ಉಗ್ರಾಣಕ್ಕೆ ಹೋಗ್ತಾನೆ. ಆದ್ರೆ ನಿಮ್ಮಪ್ಪಂಗೆ ಕಾರ್ಖಾನೇಲಿ ಕಾಲು ಮುರಿದಾಗ ಯೂನಿಯನ್ನಿನವರು ಮನೆ ಬಾಗಿಲಿಗೆ ಬಂದ್ರು ಅಂತ ನೀವೇ ಹೇಳಿದ್ರಲ್ಲ? ನನ್ ಗಂಡಂಗೆ ಉಗ್ರಾಣದಲ್ಲಿ ಬೆನ್ನು ಹೋಯ್ತು. ಮಾರನೇ ದಿನ ಅವನ ಕಾರ್ಡಿಗೆ ಗೇಟೇ ತೆಗೀಲಿಲ್ಲ."

"ಅದಕ್ಕೆ ನಾನೇನ್ ಮಾಡ್ಲಿ?"

"ಏನೂ ಬೇಡ. ಬಿಸಿ ಇರೋವಾಗ್ಲೇ ತಿನ್ನಿ. ಈರುಳ್ಳಿ ಜಾಸ್ತಿ ಹಾಕಿದೀನಿ."

ಎಮಿಲ್ ಡಬ್ಬಿ ಎತ್ತಿಕೊಂಡ. "ನಾನಂತೂ ಕರೀದೇ ಹಾಕೋದು. ಎದುರಿಗೇ ಹೇಳ್ತಿದೀನಿ. ಹಿಂದಿನಿಂದ ಚುಚ್ಚೋನಲ್ಲ ನಾನು."

ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದು ಒಂದು ಮರದ ಪೆಟ್ಟಿಗೆಯ ಮೂಲಕ. ಪೆಟ್ಟಿಗೆಯ ಬಾಯಿಗೆ ಅಂಗಿಯ ತೋಳಿನಂಥ ಕಪ್ಪು ಬಟ್ಟೆ ಹೊಲಿದಿದೆ. ಅದರೊಳಗೆ ಕೈ ತೂರಿಸಿದರೆ ಬಿಳಿಯ ಗೋಲಿಗಳೂ ಕರಿಯ ಚೌಕ ತುಂಡುಗಳೂ ಸಿಗುತ್ತವೆ. ಮುಟ್ಟಿ ತಿಳಿದು, ಒಂದನ್ನು ತೂತಿನಿಂದ ಕೆಳಗಿನ ಖಾನೆಗೆ ಬಿಡಬೇಕು. ಗೋಲಿ ಎಂದರೆ ಸೈ, ಚೌಕ ಎಂದರೆ ಬೇಡ. ಕಾರ್ಖಾನೆಯ ಗೂಢಚಾರರು ಒಳಗೆ ನುಸುಳಬಾರದೆಂದು ಹಿರಿಯರು ಮಾಡಿಟ್ಟದ್ದು. ಮೂರು ಕರಿ ತುಂಡು ಬಿದ್ದರೆ ಅರ್ಜಿ ಸತ್ತಂತೆ, ಒಂದು ವರ್ಷ ಮತ್ತೆ ಎತ್ತುವ ಹಾಗಿಲ್ಲ.

"ಹಾಕ್ಲಿ ಬಿಡು," ಎಂದಳು ವೆರೋನಾ, ಎಮಿಲ್ ಹೋದ ಮೇಲೆ, ಡೋರಾಗೆ ಕೇಳಿಸದಂತೆ. "ಇವನೊಬ್ಬ, ಡೋರಾ ಒಬ್ಳು. ಮೂರನೆಯವರನ್ನ ಎಲ್ಲಿಂದ ತರ್ತಾರೆ?"

ಸಭೆಯಿದ್ದ ಭಾನುವಾರ ಚರ್ಚಿನ ಪೂಜೆ ಮುಗಿಸಿ ವೆರೋನಾ ಭವನಕ್ಕೆ ಬರುವಷ್ಟರಲ್ಲಿ ಮಾರೆಮ್ ಇಬ್ಬರು ಗೆಳತಿಯರೊಂದಿಗೆ ಆಗಲೇ ಬಂದಿದ್ದಳು. ಮೂವರೂ ಹೊಸ ಬಟ್ಟೆ ಉಟ್ಟು ತಲೆಗೆ ಜರಿಯ ವಸ್ತ್ರ ಸುತ್ತಿಕೊಂಡಿದ್ದರು. ಮಾರೆಮ್‌ಳ ಕೈಯಲ್ಲಿ ಅಳತೆಯ ಟೇಪು. ಭವನದೊಳಗಿನ ಮದ್ಯದ ಬಾರಿನ ಉದ್ದನೆಯ ಮರದ ಕಟ್ಟೆಯ ಮೇಲೆ ಟೇಪಿನ ಒಂದು ತುದಿಯನ್ನು ಗೆಳತಿ ಹಿಡಿದಿದ್ದಳು, ಇನ್ನೊಂದನ್ನು ಇವಳು.

"ತೆತಾ, ಬನ್ನಿ ಬನ್ನಿ. ಈ ಬಾರ್ ಒಂದು ಕಿತ್ರೆ ಸಾಕು, ಅರವತ್ತು ಜನ ಸಾಲಾಗಿ ಕೂರ್ಬೋದು. ಈ ಗೋಡೆಗೆ ಮಕ್ಕಳ ಕಪ್ಪುಹಲಗೆ. ಆ ಕಡೆ ಕಿಟಕಿ ಹತ್ರ ಬೆಂಚು ಹಾಕಿಸ್ತೀವಿ, ಶುಕ್ರವಾರ ನಿಮ್ಗೆಲ್ಲ ಕಾಲು ನೋಯಲ್ಲ." ಅವಳ ಕಣ್ಣು ಮಿನುಗುತ್ತಿತ್ತು. "ಹೆಂಗಿದ್ರೂ ಇಲ್ಲಿ ಯಾರೂ ಕುಡಿಯೋರು ಉಳಿದಿಲ್ಲ, ಅಲ್ವಾ?"

"ಹೌದು," ಎಂದಳು ವೆರೋನಾ. "ಯಾರೂ ಉಳಿದಿಲ್ಲ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಕಟ್ಟೆಯನ್ನು ವೆರೋನಾಳ ಅಪ್ಪ ಮತ್ತು ಅವನ ಪಾಳಿಯವರು ಒಂದು ಚಳಿಗಾಲವಿಡೀ ಕೂತು ಉಜ್ಜಿ ನಯ ಮಾಡಿದ್ದರು. ಅವಳ ಗಂಡ ಮೆತೋಡ್ ಕಾರ್ಖಾನೆಯ ಕಡೆಯ ದಿನ ಇದೇ ಕಟ್ಟೆಗೆ ತಲೆಯಿಟ್ಟು ಅತ್ತಿದ್ದ. ಅವಳು ಅವನು ಅತ್ತದ್ದನ್ನು ಕಂಡದ್ದು ಅದೊಂದೇ ಸಲ. ಇದನ್ನೆಲ್ಲ ಮಾರೆಮ್‌ಗೆ ಹೇಳಿದ್ದರೆ ಅವಳು ಟೇಪು ಸುತ್ತಿಟ್ಟು, ಕ್ಷಮಿಸಿ ತೆತಾ, ಕಟ್ಟೆ ಇರಲಿ ಎನ್ನುತ್ತಿದ್ದಳು. ಅಂಥವಳೇ ಅವಳು. ಆದರೆ ವೆರೋನಾ ಹೇಳಲಿಲ್ಲ. ಅವಳಿಗೆ ಒಮ್ಮೆಗೇ ಭಯಂಕರ ಹೊಟ್ಟೆಕಿಚ್ಚಾಯಿತು. ತನ್ನ ಜನ ಖಾಲಿ ಮಾಡಿ ಹೋದ ಜಾಗವನ್ನು ಇವರು ಇಷ್ಟು ಸಂತೋಷದಿಂದ ಅಳೆಯುತ್ತಿದ್ದಾರಲ್ಲ!

ಸಭೆ ಮೇಲಿನ ಸಣ್ಣ ಕೋಣೆಯಲ್ಲಿ ನಡೆಯಿತು. ಮಾರೆಮ್ ಮತ್ತು ಗೆಳತಿಯರು ಹೊರಗಿನ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಒಂಬತ್ತು ಜನ, ನಾಲ್ಕು ಊರುಗೋಲು, ಒಂದು ಆಮ್ಲಜನಕದ ಕೊಳವೆ. ಹನ್ನೊಂದು ಅರ್ಜಿಗಳನ್ನೂ ಒಟ್ಟಿಗೆ ಮತಕ್ಕೆ ಹಾಕುವುದೆಂದಾಯಿತು. ಎಮಿಲ್ ಕೈ ತೂರಿಸಿದ, ಡೋರಾ ತೂರಿಸಿದಳು, ಮಿಕ್ಕವರು ಒಬ್ಬೊಬ್ಬರಾಗಿ ಎದ್ದು ಬಂದರು. ಕಾರ್ಯದರ್ಶಿಯ ಸರದಿ ಯಾವಾಗಲೂ ಕೊನೆಯದು.

ವೆರೋನಾ ಬಟ್ಟೆಯ ತೋಳಿನೊಳಗೆ ಬಲಗೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ಗೋಲಿ. ಹಿಡಿದುಕೊಂಡಳು. ಹಿಡಿದುಕೊಂಡು ನಿಂತಳು. ಎಂಬತ್ತೊಂದು ವರ್ಷದಲ್ಲಿ ಅವಳು ಯಾರಿಗೂ ಎರಡು ಬಗೆದವಳಲ್ಲ. ಮಾರೆಮ್‌ಳನ್ನು ಹೆತ್ತ ಮಗಳಿಗಿಂತ ಹೆಚ್ಚು ಹಚ್ಚಿಕೊಂಡಿದ್ದಳು, ಅದೂ ನಿಜ. ಆದರೆ ಭವನ ಸತ್ತರೂ ನಮ್ಮದಾಗಿಯೇ ಸಾಯಲಿ ಎಂದು ಒಳಗಿನಿಂದ ಏನೋ ಒದ್ದು ಬಂತು. ಅವಳು ಗೋಲಿಯನ್ನು ಬಿಟ್ಟು, ತಡಕಿ, ಮೂಲೆಯುಳ್ಳ ತುಂಡನ್ನು ತೂತಿಗೆ ಹಾಕಿದಳು. ಬಿದ್ದ ಸದ್ದು ಮಿಕ್ಕ ಸದ್ದುಗಳಂತೆಯೇ ಇತ್ತು.

ಎಮಿಲ್ ಖಾನೆ ಎಳೆದ. ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಮೂರು," ಎಂದ. "ಮೂರು ಕರೀದು ಬಿದ್ದಿವೆ. ಇನ್ನೊಂದು ಯಾರು ಹಾಕಿದ್ದು?"

ಖಾನೆಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ.

"ಅಯ್ಯೋ, ಯಾರ್ರೀ ಅದು? ನಾನು ಹಾಕಿದ್ದು ಒಂದು ಮಾತಿಗೆ. ನಮ್ಮಜ್ಜನ ಮಾತು ಒಂದು ಉಳೀಲಿ ಅಂತ. ನೀವೆಲ್ಲ ಬಿಳೀದು ಹಾಕ್ತೀರಿ ಅಂತ ಗೊತ್ತಿತ್ತಲ್ಲ ನಂಗೆ!" ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಡೋರಾ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದಳು. ವೆರೋನಾಳ ಮುಖದ ಮೇಲೆ ಅವನ ಕಣ್ಣು ನಿಲ್ಲಲೇ ಇಲ್ಲ. ಅವಳ ಮೇಲೆ ಅನುಮಾನ ಬರುವುದಾದರೂ ಹೇಗೆ? "ಮತ್ತೆ ಹಾಕೋಣ್ವಾ ವೆರೋನಾ? ನಿಯಮದಲ್ಲಿ ದಾರಿ ಏನಾದ್ರೂ ಇದ್ಯಾ?"

"ಒಂದು ವರ್ಷ ಇಲ್ಲ," ಎಂದಳು ಅವಳು.

ಮೊಗಸಾಲೆಗೆ ಹೇಳಲು ಹೋದವಳೂ ಅವಳೇ, ಅದು ಕಾರ್ಯದರ್ಶಿಯ ಕೆಲಸ. ಮಾರೆಮ್ ಎದ್ದು ನಿಂತಳು. ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಮೂರಾ?"

"ಮೂರು."

"ಯಾರು ಅಂತ..."

"ಗೊತ್ತಾಗಲ್ಲ ಮಾರೆಮ್. ಕೈ ಒಳಗಿರುತ್ತೆ." ಈಗ ಹೇಳಿಬಿಡಬೇಕು ಎಂದುಕೊಂಡಳು ವೆರೋನಾ. ಬಾಯಿ ತೆರೆದಳು. ಬಂದದ್ದು ಅಳು.

ಮಾರೆಮ್ ಅವಳನ್ನು ತಬ್ಬಿಕೊಂಡಳು. "ಥೂ, ಅಳಬೇಡಿ ತೆತಾ. ನೀವೇನು ಮಾಡಕ್ಕಾಗುತ್ತೆ? ನೀವೊಬ್ರು ನಮ್ಮ ಕಡೆ ಇದ್ರಲ್ಲ, ಅಷ್ಟು ಸಾಕು." ಬೆನ್ನು ಸವರಿದಳು. ವೆರೋನಾ ಅದನ್ನೂ ಸವರಿಸಿಕೊಂಡಳು.

ಏಪ್ರಿಲ್ ಬಂತು. ಭವನವನ್ನು ಒಂದು ಕಂಪನಿ ಕೊಂಡುಕೊಂಡಿತು. ಕೆಡವಿ, ಜನ ತಮಗೆ ಬೇಡವಾದ ಸಾಮಾನು ಬಾಡಿಗೆಗೆ ಇಡುವಂಥ ತಗಡಿನ ಗೂಡುಗಳನ್ನು ಕಟ್ಟುವರಂತೆ. ಈ ಊರಿನಲ್ಲಿ ಬೇಡವಾದದ್ದಕ್ಕೇನು ಬರ? ಮಾರೆಮ್‌ಳ ಕಡೆಯವರನ್ನು ಅಂಗಡಿಯ ಮಾಲೀಕ ಹಿಂದಿನ ಕೋಣೆಯಿಂದ ಹೊರಗೆ ಹಾಕಿದ. ಮೂರು ಸಂಸಾರ ಒಹಾಯೊ ಕಡೆ ಮನೆ ಹುಡುಕುತ್ತಿದ್ದವು. ಮಾರೆಮ್‌ಳೂ ಹುಡುಕುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ಶುಕ್ರವಾರ ಕಡೆಯ ಪಿರೋಹಿ. ಕಡೆಯದೆಂದು ಗೊತ್ತಾಗಿ ಪಿಟ್ಸ್‌ಬರ್ಗಿನಿಂದಲೂ ಜನ ಡಬ್ಬಿಗಟ್ಟಲೆ ಬೇಕೆಂದು ಹೇಳಿಕಳಿಸಿದ್ದರು. ಮುದುಕಿಯರಿಂದ ಆಗುವ ಕೆಲಸವಾಗಿರಲಿಲ್ಲ. ಮಾರೆಮ್ ಬೆಳಗ್ಗೆ ಐದಕ್ಕೆ ಹತ್ತು ಜನ ಹೆಂಗಸರನ್ನು ಕರೆದುಕೊಂಡು ಬಂದಳು. ಅವಳೂ ಸೇರಿ, ಅರ್ಜಿ ಹಾಕಿದ್ದ ಅದೇ ಹನ್ನೊಂದು ಜನ. ಇಡೀ ದಿನ ಲಟ್ಟಿಸಿದರು, ಚಿವುಟಿದರು, ಕುದಿಸಿದರು, ಡೋರಾಳ ಕೈಯಿಂದ ಬಿಲ್ಲೆ ಕಸಿದುಕೊಂಡು ಅವಳನ್ನು ಗೇಲಿ ಮಾಡಿದರು. ಡೋರಾ ಕೂಡ ನಕ್ಕಳು. ಮೂರು ಗಂಟೆಗೆ ಕಡೆಯ ಡಬ್ಬಿಯೂ ಹೋಯಿತು.

ಕೋಟು ಹಾಕಿಕೊಳ್ಳುವ ಮುಂಚೆ ಮಾರೆಮ್ ತನ್ನವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಎಲ್ಲರೂ ವೆರೋನಾಳ ಕಡೆ ತಿರುಗಿ ನೋಡಿದರು.

"ಏನು ಹೇಳ್ದೆ ಅವ್ರಿಗೆ?"

"ಆ ದಿನ ನಮ್ಗೋಸ್ಕರ ಅತ್ತೋರು ಇವ್ರೇ ಅಂತ ಹೇಳ್ದೆ ತೆತಾ."

"ಮಾರೆಮ್, ಕೇಳು, ನಾನು..."

ಆದರೆ ಮೊದಲನೆಯವಳು ಆಗಲೇ ಮುಂದೆ ಬಂದಿದ್ದಳು. ಹಿರಿಯರನ್ನು ಬೀಳ್ಕೊಡುವಾಗ ಮಾಡುವಂತೆ ವೆರೋನಾಳ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಗಿ, ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅವಳ ಹಿಂದೆ ಎರಡನೆಯವಳು, ಅವಳ ಹಿಂದೆ ಮೂರನೆಯವಳು. ವೆರೋನಾ ಕೈ ಎಳೆದುಕೊಳ್ಳಲು ನೋಡಿದಳು. ಅವರು ಅದನ್ನು ಸಂಕೋಚ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿದರು. ಎಲ್ಲರಿಗಿಂತ ಕೊನೆಗೆ ಮಾರೆಮ್ ಬಂದಳು, ಎಲ್ಲರಿಗಿಂತ ಹೆಚ್ಚು ಹೊತ್ತು ಹಣೆಯನ್ನು ಆ ಕೈಗೆ ಒತ್ತಿಕೊಂಡು ನಿಂತಳು.

ಹನ್ನೊಂದು ಜನವೂ ಹಣೆಯ ಮೇಲೆ ಹಿಟ್ಟಿನ ಬಿಳಿ ಮೆತ್ತಿಕೊಂಡು, ಅದರ ಪರಿವೆಯಿಲ್ಲದೆ, ಮಾತಾಡಿಕೊಳ್ಳುತ್ತ ಮೆಟ್ಟಿಲು ಹತ್ತಿ ಹೋದರು. ವೆರೋನಾಳ ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು.