ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರು

ತೊಟ್ಟಿಕ್ಕುತ್ತಲೇ ಇದೆ, ಬೇಸ್‌ಮೆಂಟಿನ ಸೂರಿನ ಪೈಪಿನಿಂದ, ಯಾರ ಮನೆಯ ಬಚ್ಚಲ ನೀರೋ ಏನೋ, ನೇರವಾಗಿ ಅವಳ ಕಾರಿನ ಬಾನೆಟ್ಟಿನ ಮೇಲೆಯೇ, ಇಷ್ಟು ದೊಡ್ಡ ಕಟ್ಟಡದಲ್ಲಿ ಬೀಳುವುದಕ್ಕೆ ಬೇರೆ ಜಾಗವೇ ಸಿಗಲಿಲ್ಲ ಅದಕ್ಕೆ, ಸೆಕ್ರೆಟರಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು, ಪ್ಲಂಬರ್ ಬರ್ತಾನಮ್ಮ, ನಾಳೆ ಬರ್ತಾನೆ, ಆ ನಾಳೆ ಇನ್ನೂ ಹುಟ್ಟಿಯೇ ಇಲ್ಲ, ಟ್ಯೂಬ್‌ಲೈಟುಗಳಲ್ಲಿ ಅರ್ಧ ಸತ್ತಿವೆ, ಉಳಿದರ್ಧ ಸಾಯಲೋ ಬೇಡವೋ ಎಂದು ಕಣ್ಣು ಪಿಳುಕಿಸುತ್ತಿವೆ — ಮತ್ತು ಅವಳ ಕಾರಿನ ಹಿಂದೆ, ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ, ಆ ಬೂದು ಕಾರು. ಇವತ್ತೂ. ಇವತ್ತಾದರೂ ಬೇಡ ದೇವರೇ ಎಂದು ಮೆಟ್ಟಿಲಿಳಿಯುವಷ್ಟೂ ಹೊತ್ತು ಬೇಡಿಕೊಂಡಿದ್ದಳು, ದೇವರಿಗೂ ಲಿಫ್ಟ್ ಕೆಟ್ಟಿರಬೇಕು, ಇಳಿದು ಬರಲಿಲ್ಲ. ಲಿಫ್ಟ್ ಕೆಟ್ಟು ನಾಲ್ಕನೇ ಮಹಡಿಯಿಂದ ಅಮ್ಮನನ್ನು ಊಟದ ಮನೆಯ ಕುರ್ಚಿಯಲ್ಲಿ ಕೂರಿಸಿ ಗಂಡ ಒಂದು ಕಡೆ, ವಾಚ್‌ಮನ್ ಒಂದು ಕಡೆ ಹಿಡಿದು ಇಳಿಸಿದ್ದಾರೆ, ಅಮ್ಮನ ಪ್ಲಾಸ್ಟರ್ ಕಾಲು ಫಿರಂಗಿಯ ನಳಿಗೆಯಂತೆ ಮುಂದಕ್ಕೆ ಚಾಚಿಕೊಂಡು, ಪ್ರತಿ ತಿರುವಿನಲ್ಲೂ ಗೋಡೆಗೆ ತಾಗುತ್ತಾ, ಅಯ್ಯೋ ನಿಧಾನ ಕಣಪ್ಪಾ, ನಾನೇನು ಗೋದ್ರೆಜ್ ಬೀರುವಾನಾ, ಎಂದು ಅಮ್ಮ ನಗಿಸಿದ್ದಳು ಕೂಡ, ಇವತ್ತು ಪ್ಲಾಸ್ಟರ್ ಬಿಚ್ಚುವ ದಿನವಲ್ಲವೇ, ಸ್ಕೇಲನ್ನು ಒಳಗೆ ತೂರಿಸಿ ಕೆರೆದುಕೊಳ್ಳುವ ಕರ್ಮ ಮುಗಿಯುತ್ತದಲ್ಲ. ಗೇಟಿನ ಹತ್ತಿರ ಬಿಸಿಲಿನಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದಾಳೆ ಈಗ. ಡಾಕ್ಟರು ಆಪರೇಷನ್ ಕೋಣೆಗೆ ಹೋದರೆಂದರೆ ಮುಗಿಯಿತು, ಇನ್ನೊಂದು ವಾರ, ಇನ್ನೊಮ್ಮೆ ಕುರ್ಚಿ, ಇನ್ನೊಮ್ಮೆ ಆ ಮೆಟ್ಟಿಲುಗಳು.

ಎರಡು ನಿಮಿಷ, ಅದೇ ಆ ಕಾರಿನವನ ಹೆಸರು ಈ ಕಟ್ಟಡದಲ್ಲಿ, ಮೂರನೇ ಮಹಡಿಯ ಎರಡು ನಿಮಿಷ, ಯಾವಾಗ ಫೋನ್ ಮಾಡಿದರೂ ಅದೇ ಮಾತು, ಎರಡೇ ನಿಮಿಷ ಬಂದೆ, ಆಮೇಲೆ ನೀವು ಕಾಫಿ ಕುಡಿದು ಲೋಟ ತೊಳೆದಿಟ್ಟರೂ ಪತ್ತೆಯಿಲ್ಲ. ಅವಳಿಗೆ ಗೊತ್ತಿಲ್ಲವೇ ಎರಡು ನಿಮಿಷ ಅಂದರೆ ಏನೆಂದು, ರೈಲ್ವೆ ವಿಚಾರಣೆ ಕೌಂಟರಿನಲ್ಲಿ ದಿನವಿಡೀ ಕೂತು ಊರಿನವರ ಸಿಟ್ಟನ್ನೆಲ್ಲ ನಗುನಗುತ್ತಾ ನುಂಗುವವಳು, ಹೌದು ಸರ್, ಕ್ಷಮಿಸಿ ಸರ್, ಬರುತ್ತೆ ಸರ್, ನುಂಗಿದ್ದೆಲ್ಲ ಎಲ್ಲಿ ಹೋಗುತ್ತದೆ, ಹೊಟ್ಟೆಯಲ್ಲೇ ಹುಳಿಯುತ್ತದೆ. ಈ ಬೇಸ್‌ಮೆಂಟಿಗೆ ಒಂದು ಕಟ್ಟಳೆಯಿದೆ, ಯಾರೂ ಬರೆದಿಟ್ಟದ್ದಲ್ಲ, ಜಾಗ ಸಾಲದವರು ತಾವೇ ಮಾಡಿಕೊಂಡದ್ದು, ಇನ್ನೊಬ್ಬರ ಕಾರಿಗೆ ಅಡ್ಡ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಹಾಕಬಾರದು, ನ್ಯೂಟ್ರಲ್‌ನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಟ್ಟು ಹೋಗಬೇಕು, ಏಕೆಂದರೆ ನೆಲ ತುಸು ಇಳಿಜಾರು, ಕಾರು ತಾನಾಗಿ ಉರುಳದಿದ್ದರೂ ಒಮ್ಮೆ ತಳ್ಳಿದರೆ ನಿಲ್ಲದು, ಓಣಿಯ ಕೊನೆಗೆ ಕೆಳಗಿನ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪು, ಬೇಕಾದವರು ಕಲ್ಲು ತೆಗೆದು, ಮೆಲ್ಲಗೆ ಒಂದಾಳುದ್ದ ಸರಿಸಿ, ಮತ್ತೆ ಕಲ್ಲು ಕೊಟ್ಟು, ತಮ್ಮ ಪಾಡಿಗೆ ತಾವು ಹೋಗಬೇಕು. ಎಲ್ಲರೂ ಹಾಗೇ ಮಾಡುತ್ತಾರೆ. ಲೋಕಕ್ಕೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ, ಇವನೊಬ್ಬ ಮಾತ್ರ ಬ್ರೇಕು ಎಳೆದು, ಗೇರು ಹಾಕಿ, ಕಿಟಕಿಗಳಿಗೆಲ್ಲ ಕಪ್ಪು ಜಾಲರಿ ಏರಿಸಿ, ಮಹಾರಾಜನ ಮೇನೆ ಇಳಿಸಿದಂತೆ ಇಳಿಸಿ ಹೋಗುತ್ತಾನೆ. ಮೊನ್ನೆಯ ಮೀಟಿಂಗಿನಲ್ಲಿ ಅವಳು ಎದ್ದು ನಿಂತಳು, ಕೌಂಟರಿನ ನಗು ಬಿಸಾಕಿ, ಇನ್ನೊಂದ್ಸಲ ಬ್ರೇಕ್ ಹಾಕಿ ಹೋಗಿ, ನಾಲ್ಕೂ ಟೈರಿನ ಗಾಳಿ ಬಿಡ್ತೀನಿ, ನಿಮ್ಮ ತಾಯಿ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ನಿದ್ದೆ, ಎಂದಳು, ಅವನು ತಲೆ ತಗ್ಗಿಸಿ ಆಯ್ತು ಮೇಡಂ ಅಂದ. ನಿಜ, ಅವನ ತಾಯಿ ಬಂಗಾರ, ಅಮ್ಮನ ಸಂಜೆಯ ಗೆಳತಿ, ಕೆಳಗಿನ ಬೆಂಚಿನಲ್ಲಿ ಇಬ್ಬರೂ ಸೊಂಟ ಹಿಡಿದುಕೊಂಡು ಸೊಸೆ ಅಳಿಯಂದಿರನ್ನು ಜಾಲಾಡುವುದನ್ನು ಕೇಳಬೇಕು, ಅಂಥ ಹೊಟ್ಟೆಯಲ್ಲಿ ಇಂಥವನು. ಈಗ ಇಳಿಸುವಾಗಲೂ ಮೂರನೇ ಮಹಡಿಯ ಬಾಗಿಲು ನೋಡಿ ಅಮ್ಮ ಕೇಳಿದಳು, ಪಾಪ ಇನ್ನೂ ಆಸ್ಪತ್ರೆಯಿಂದ ಬಂದಿಲ್ವೇನೆ ಅವರು, ಯಾರಿಗೆ ಗೊತ್ತಮ್ಮ, ಮೊದಲು ನಿನ್ನ ಕಾಲು ನೋಡ್ಕೋ.

ಫೋನ್ ಹಚ್ಚಿದಳು, ರಿಂಗಾಯಿತು, ರಿಂಗಾಯಿತು, ಹಲೋ ಮೇಡಂ, ಏದುಸಿರು ಬೇರೆ, ಎರಡೇ ನಿಮಿಷ ಮೇಡಂ, ಅಮ್ಮ — ಅಮ್ಮ ನಿಮಗೊಬ್ಬರಿಗೇನಾ ಇರೋದು, ನಮ್ಮಮ್ಮ ಬಿಸಿಲಲ್ಲಿ ಕೂತಿದ್ದಾಳೆ, ಎಂದು ಪಟ್ಟನೆ ಕಡಿದಳು. ಮತ್ತೆ ಅವನದೇ ಕರೆ ಬಂತು, ಎತ್ತಲಿಲ್ಲ, ಯಾಕೆ ಎತ್ತಬೇಕು, ಮತ್ತೆ ಅದೇ ಎರಡು ನಿಮಿಷ ಕೇಳುವುದಕ್ಕಾ. ಆಮೇಲೆ ಗಂಡನ ಕರೆ, ಇನ್ನೂ ಆಗ್ಲಿಲ್ವೇನೇ, ಏನ್ಮಾಡ್ತಾ ಇದೀಯ ಅಲ್ಲಿ, ಡ್ಯಾನ್ಸ್ ಮಾಡ್ತಾ ಇದೀನಿ ಬನ್ನಿ ನೋಡಿ, ಅತ್ತೆಗೆ ತಲೆ ಸುತ್ತುತ್ತಾ ಇದ್ಯಂತೆ ಕಣೇ ಬೇಗ ಬಾ. ತಲೆ ಸುತ್ತುತ್ತಿದೆ. ಇವಳಿಗೆ ಪಿತ್ತ ನೆತ್ತಿಗೇರಿತು. ಬೂದು ಕಾರಿನ ಟೈರಿಗೊಂದು ಒದ್ದಳು, ಬಾಗಿಲಿಗೊಂದು ಗುದ್ದಿದಳು, ಕೈ ನೊಂದಿತು, ಆ ನೋವಿಗೂ ಅವನೇ ಕಾರಣ, ಮುಂದಿನ ಚಕ್ರದ ಕೆಳಗೆ ಕಲ್ಲು ಬೇರೆ ಇಟ್ಟಿದ್ದಾನೆ ನೋಡು ಮಹಾನುಭಾವ, ಬ್ರೇಕು ಬಿಗಿದವನಿಗೆ ಕಲ್ಲೊಂದು ಕೇಡು, ಅದನ್ನೂ ಕಾಲಿನಿಂದಲೇ ಸರಿಸಿ ಒದ್ದಳು, ಉರುಳಿಕೊಂಡು ಕತ್ತಲೆಗೆ ಹೋಯಿತು. ಹೋಗಲಿ. ಗೇರು ಮುರಿಯಲಿ, ಬ್ರೇಕು ಸವೆಯಲಿ, ಎಷ್ಟು ಕಿರುಗುಟ್ಟಿದರೂ ಸರಿ ಇವತ್ತು ಇದನ್ನು ಸರಿಸಿಯೇ ತೀರುತ್ತೇನೆ, ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರೋಲ್ಲ ಕಣೇ ಎನ್ನುತ್ತಿರುತ್ತಾಳೆ ಅಮ್ಮ, ನನ್ನ ಮೂಗೇನಲ್ಲವಲ್ಲ, ಅವನದು, ಹೋಗಲಿ ಬಿಡು. ಹಿಂದೆ ಹೋಗಿ ಡಿಕ್ಕಿಗೆ ಬೆನ್ನು ಕೊಟ್ಟು, ಎದುರಿನ ಕಂಬಕ್ಕೆ ಎರಡೂ ಕಾಲು ಊರಿ, ಹಲ್ಲು ಕಚ್ಚಿದಳು, ಬ್ರೇಕು ಹಾಕಿದ ಕಾರಿಗೆ ಎಷ್ಟು ಬಲ ಬೇಕೋ ಅಷ್ಟೂ ಬಲ, ಲಿಫ್ಟಿನ ಸಿಟ್ಟು, ಪೈಪಿನ ಸಿಟ್ಟು, ಹೌದು ಸರ್ ಕ್ಷಮಿಸಿ ಸರ್, ಎಲ್ಲವನ್ನೂ ಸೊಂಟಕ್ಕೆ ತಂದು, ಒಂದೇ ಸಲ ನೂಕಿದಳು.

ಬೆನ್ನಿಗೆ ಏನೂ ಸಿಗಲಿಲ್ಲ. ಅಂಗಾತ ನೆಲಕ್ಕೆ ಬಿದ್ದಳು, ತಲೆ ಸಿಮೆಂಟಿಗೆ ಬಡಿಯಿತು, ಸೂರು, ಪೈಪು, ಪಿಳುಕುವ ಬೆಳಕು, ಇದೇನು ಇಷ್ಟು ಹಗುರ, ಬ್ರೇಕು — ಇಲ್ಲ. ಬ್ರೇಕು ಹಾಕಿಲ್ಲ. ಕಲ್ಲು ಕೊಟ್ಟಿದ್ದಾನೆ ಎಂದರೆ ನ್ಯೂಟ್ರಲ್ ಎಂದೇ ಅರ್ಥ, ಅದು ಇಲ್ಲಿನ ಮಗುವಿಗೂ ಗೊತ್ತು, ಅವಳಿಗೂ ಗೊತ್ತು, ಕಲ್ಲನ್ನು ಕಣ್ಣಾರೆ ಕಂಡು ಕಾಲಾರೆ ಒದ್ದವಳು ಅವಳೇ, ಅವನು ಮಾತು ಉಳಿಸಿಕೊಂಡಿದ್ದಾನೆ, ಮೊಟ್ಟಮೊದಲ ಸಲ, ಅವಳ ಮಾತಿಗೆ ಹೆದರಿ, ಇವತ್ತು, ಇವತ್ತೇ — ಏಳು, ಓಡು, ಕಾರು ಸದ್ದಿಲ್ಲದೆ ಹೋಗುತ್ತಿದೆ, ಎಂಜಿನ್ನಿಲ್ಲ, ದೀಪವಿಲ್ಲ, ರ‍್ಯಾಂಪಿನ ಕಡೆಗೆ ಸುಮ್ಮನೆ ಹೋಗುತ್ತಿದೆ, ಹೋದರೆ ಹೋಗಲಿ ತಗಡು, ಗೋಡೆಗೆ ಗುದ್ದಿದರೆ ಗುದ್ದಲಿ ಎನ್ನುವಷ್ಟರಲ್ಲಿ ಧೂಳು ಹಿಡಿದ ಹಿಂದಿನ ಗಾಜಿನ ಒಳಗೆ ಏನೋ ಎದ್ದಿತು, ಸೀಟಿನಲ್ಲಿ ಮಲಗಿದ್ದು ಎದ್ದಿತು, ಬಿಳಿ ತಲೆ, ಆಮೇಲೆ ಒಂದು ಅಂಗೈ, ಗಾಜಿಗೆ ಒತ್ತಿದ ಅಂಗೈ, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಬಿಳಿ ಟೇಪು — ಎರಡೇ ನಿಮಿಷ ಮೇಡಂ ಅಮ್ಮ, ಅಮ್ಮ ಕಾರಲ್ಲಿದ್ದಾಳೆ, ಅಮ್ಮನನ್ನು ಮೇಲಕ್ಕೆ ಎತ್ತಲು ಜನ ಕರೆಯೋಕೆ ಬಂದಿದೀನಿ, ಲಿಫ್ಟ್ ಇಲ್ಲ, ಇದೇ ತಾನೇ ಅವನು ಹೇಳಲು ಹೊರಟದ್ದು, ಏದುಸಿರು ಬಿಟ್ಟದ್ದು ಮೆಟ್ಟಿಲು ಹತ್ತಿ, ಮತ್ತೆ ಕರೆ ಮಾಡಿದ್ದೂ ಇದಕ್ಕೇ — ಡಿಕ್ಕಿಯ ಅಂಚು ಸಿಕ್ಕಿತು, ಎರಡೂ ಕೈಯಲ್ಲಿ ಹಿಡಿದಳು, ನಿಲ್ಲು, ನಿಲ್ಲು, ತಳ್ಳಿದ ಕೈಗೆ ತಡೆಯುವ ಬಲ ಎಲ್ಲಿಂದ ಬರಬೇಕು, ಚಪ್ಪಲಿ ಜಾರಿತು, ಇನ್ನೊಂದೂ ಜಾರಿತು, ಬರಿಗಾಲ ಹಿಮ್ಮಡಿ ಸಿಮೆಂಟಿಗೆ ಉಜ್ಜುತ್ತಿದೆ, ಯಾರಾದ್ರೂ ಬನ್ರೋ ಎಂದು ಕೂಗಿದ್ದು ಯಾರು, ತಾನೇ, ನೆಲ ವಾಲುತ್ತಿದೆ, ಮುಂದಿನ ಚಕ್ರಗಳು ಕೆಳಕ್ಕೆ ಬಾಗಿದವು, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಗಾಜು, ಗಾಜಿನ ಆಚೆ ಅಂಗೈ, ಬಿಡುತ್ತಿಲ್ಲ, ಗುರುತು ಹಿಡಿದಂತೆ ಅಲ್ಲೇ ಇದೆ, ನಾನು ಕಣಮ್ಮಾ ಎನ್ನುತ್ತಿರುವಂತೆ, ಐದೂ ಬೆರಳು ಅಗಲಿಸಿ, ಬೆರಳ ತುದಿಗಳು ಬೆಳ್ಳಗಾಗಿ, ಅಂಗೈ, ಬಿಳಿ ಟೇಪು, ಅಂಗೈ —