ಚುಕ್ಕಿಗಳ ನಡುವಿನ ಗೋಡೆ

ಡಬ್ಬಿಯೊಳಗೆ ಎರಡು ಮುಳ್ಳು ಮಾತ್ರ ಉಳಿದಿದ್ದವು.

ಸುಮಂಗಲಾ ಹತ್ತಿಯನ್ನು ಎತ್ತಿ ನೋಡಿದಳು. ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ವಿಭೂತಿಗಟ್ಟಿಯ ಹಿಂದೆ, ಗಂಟೆಯ ಹಿಂದೆ, ದೇವರ ಜಗಲಿಯ ಮೂಲೆಮೂಲೆಗೆ ಕೈಹಾಕಿದಳು. ಇಲ್ಲ. ದಾಳಿಂಬದ ಈ ತವರುಮನೆಯಲ್ಲಿ ಮಕ್ಕಳ ಕೈಯೂ ಇಲಿಯ ಬಾಯಿಯೂ ತಲುಪದ ಜಾಗವೆಂದರೆ ಜಗಲಿಯೊಂದೇ ಎಂದು, ಉದಗೀರದಲ್ಲಿ ಬಾಡಿಗೆ ಖೋಲಿ ಬದಲಿಸುವ ಗಡಿಬಿಡಿಯಲ್ಲಿ, ಹದಿನೈದು ದಿನದ ಹಿಂದೆ ತಾನೇ ಇಟ್ಟುಹೋದದ್ದು. ಜಗಲಿಯನ್ನು ಯಾರೂ ಮುಟ್ಟುವುದಿಲ್ಲ, ಅದೇನೋ ಖರೆ. ಅದನ್ನು ದಿನಾ ಬೆಳಿಗ್ಗೆ ತೊಳೆಯುವ ಅವ್ವನ ಕೈಯೊಂದು ಅವಳಿಗೆ ನೆನಪಾಗಿರಲಿಲ್ಲ.

"ಯವ್ವಾ! ಡಬ್ಬ್ಯಾಗಿಂದು ಎಲ್ಲಿ?"

ರಂಭಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಲ್ಲಿಸಲಿಲ್ಲ.

"ಆ ಕಲ್ಲೇನ? ಮೊನ್ನಿ ನಿಮ್ಮಪ್ಪ ನಿಲಂಗಾಕ್ಕ ಒಯ್ದಾನ. ಮಠಪತಿ ಅಯ್ಯನೋರ ಕಡಿ ಕಂತಿ ಹಾಕಿಸ್ಲಿಕ್ಕ."

ಸುಮಂಗಲಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಕಂತಿ ಎಂದರೆ ಕೊರಳಿಗೆ ಕಟ್ಟುವ ಲಿಂಗದ ಮೇಲೆ ಹಾಕುವ ಕಪ್ಪು ಲೇಪ. ಒಣಗಿದ ಮೇಲೆ ಕಲ್ಲಿಗಿಂತ ಗಟ್ಟಿ.

"ಯಾರಿಗಿ ಕೇಳಿ ಕೊಟ್ಟಿ?"

"ಯಾರಿಗಿ ಕೇಳ್ಬೇಕಿತ್ತು? ನೀನೇ ತಂದು ಜಗಲಿ ಮ್ಯಾಲ ಇಟ್ಟಿ. ಸಮುದ್ರದ ಕಲ್ಲು ಅಂದಿ. ನಾ ತೊಳಿಲಿಕ್ಕ ಹೋಗಿ ನೋಡ್ತೀನಿ, ಐದು ಮಗ್ಗಲಿಗಿ ಗುಂಡಗುಂಡಗ ಪಾಣಿಬಟ್ಲ, ಒಂದೊಂದರ ನಡುಕ ಒಂದೊಂದು ಲಿಂಗ! ಐದು ಮುಖದ ಲಿಂಗ ಕೋಟಿಗೊಬ್ಬರಿಗಿ ಸಿಗ್ತದ. ನಾಳಿ ಶಿವಾನಿಗಿ ಎಂಟನೇ ತಿಂಗಳದ ಲಿಂಗ ಕಟ್ಟೋದದ. ಹೊಟ್ಟ್ಯಾಗಿನ ಕೂಸಿನ ಪುಣ್ಯ ಅಂದ್ಕೊಂಡೆ."

ಒಳಕೋಣೆಯಿಂದ ಶಿವಾನಿ, ಸುಮಂಗಲಾಳ ತಮ್ಮನ ಹೆಂಡತಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಣುಕಿದಳು. "ಏನಾತ್ರೀ ಅಕ್ಕಾ?"

ಏನಾಯಿತೆಂದು ಹೇಳುವುದು? ಅದು ಕಲ್ಲಲ್ಲ, ಸಮುದ್ರದ ತಳದಲ್ಲಿ ಹರಿದಾಡುವ ಮುಳ್ಳುಮುಳ್ಳಿನ ಜೀವದ ಚಿಪ್ಪು. ಪುಸ್ತಕದ ಕನ್ನಡದಲ್ಲಿ ಕಡಲ ಕುಡಿಕೆ, ಇಂಗ್ಲಿಷಿನಲ್ಲಿ ಸೀ ಅರ್ಚಿನ್. ಆರು ವರ್ಷದ ಹಿಂದೆ ಕಾಲೇಜಿನ ಹುಡುಗರನ್ನು ಕೊಂಕಣದ ಪ್ರವಾಸಕ್ಕೆ ಕರೆದೊಯ್ದಾಗ ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಅವಳ ಅಂಗೈಗೆ ಹಾಕಿದ್ದಳು. ಅದನ್ನು ನಂಬಿಯೇ ಅವಳು ಪಿಎಚ್‌ಡಿಗೆ ಹೆಸರು ಹಚ್ಚಿಸಿದ್ದು. ಇವತ್ತು ಮಧ್ಯಾಹ್ನ ಎರಡಕ್ಕೆ ಉದಗೀರದ ಪ್ರಯೋಗಶಾಲೆಗೆ ವಿದ್ಯಾಪೀಠದ ಪರೀಕ್ಷಕಿ ಮೀನಲ ಮೇಡಂ ಬರುತ್ತಾರೆ. ಹೋದ ಸಲ ಬಂದವರು ಕೆಂಪು ಶಾಯಿಯಲ್ಲಿ ಬರೆದುಹೋಗಿದ್ದರು: ಇದು ಹಳೆಯ ಗಣದ್ದು ಅನ್ನಲಿಕ್ಕೆ ಹೊರಮೈಯ ಉಬ್ಬುಗುಬುಟು ಸಾಲದು, ಒಳಗಿನದನ್ನು ತೋರಿಸಿ, ಇಲ್ಲವೇ ನೋಂದಣಿ ರದ್ದು. ಫೋಟೋ ನೋಡಿ ಒಪ್ಪುವ ಹೆಂಗಸಲ್ಲ ಆಕೆ. ಒಳಗೋ, ಸುಣ್ಣದಂಥ ಮಣ್ಣು ಕಲ್ಲಾಗಿ ಕೂತಿತ್ತು. ಒಡೆದೀತೆಂಬ ಹೆದರಿಕೆಗೆ ಸುಮಂಗಲಾ ಎರಡು ವರ್ಷದಿಂದ ಸೂಜಿ ಕೂಡ ತಾಗಿಸಿರಲಿಲ್ಲ. ಹೊರಮೈಯನ್ನೇ ಇನ್ನೊಮ್ಮೆ ಚೆನ್ನಾಗಿ ತೋರಿಸಿ ಗೆಲ್ಲುವೆನೆಂದುಕೊಂಡಿದ್ದಳು. ಈಗ ಆ ಹೊರಮೈಯೂ ಕಪ್ಪಿನೊಳಗೆ ಮುಳುಗಿತು.

"ನಾ ನಿಲಂಗಾಕ್ಕ ಹೊಂಟೆ," ಎಂದು ಎದ್ದಳು. ಮುಳ್ಳುಗಳ ಡಬ್ಬಿ ಚೀಲಕ್ಕೆ ಹೋಯಿತು.

"ನಿಂದರು. ನಾನೂ ಬರ್ತೀನಿ. ನಿನ್ನ ಮಾರಿ ನೋಡಿದ್ರ ಲಿಂಗ ಕಸ್ಕೊಂಡು ಓಡೋಹಂಗ ಕಾಣ್ಲತ್ತದ," ಎಂದ ರಂಭಾಬಾಯಿ ಕೈಯ ಹಿಟ್ಟು ಕೊಡವಿದಳು.

ಆಟೋದಲ್ಲಿ ಹನ್ನೊಂದು ಜನರ ನಡುವೆ ಕೂತು ಉಮರ್ಗಾ, ಅಲ್ಲಿಂದ ಎಸ್‌ಟಿ ಬಸ್ಸು ಹಿಡಿದು ನಿಲಂಗಾ. ದಾರಿಯುದ್ದಕ್ಕೂ ಸೋಯಾಬೀನ್ ರಾಶಿಯ ಟ್ರ್ಯಾಕ್ಟರುಗಳು ಅಡ್ಡ ಬಂದವು. ಸುಮಂಗಲಾ ಗಡಿಯಾರ ನೋಡುವುದನ್ನು ಬಿಟ್ಟು ಅವ್ವನ ಮುಖ ನೋಡಿದಳು, ಅವ್ವನ ಮುಖ ಬಿಟ್ಟು ಗಡಿಯಾರ ನೋಡಿದಳು. ಇಳಿದಾಗ ಹನ್ನೊಂದು ಹೊಡೆದಿತ್ತು.

ಮಠಪತಿ ರೇವಣಸಿದ್ಧಯ್ಯನವರ ಮನೆ ಅಡತಿ ಬಜಾರದ ಹಿಂದೆ. ಪಡಸಾಲೆಯ ಹಲಗೆಯ ಮೇಲೆ ನಾಲ್ಕು ಕಪ್ಪು ಗುಂಡುಗಳು ಸಾಲಾಗಿ ಒಣಗುತ್ತಿದ್ದವು. ನಾಲ್ಕೂ ಸಣ್ಣ ಲಿಂಬೆಕಾಯಿಯಷ್ಟು, ನಾಲ್ಕೂ ನುಣುಪು. ಆರು ವರ್ಷ ಜೊತೆಗಿದ್ದದ್ದನ್ನು ಸುಮಂಗಲಾಳ ಕಣ್ಣು ಗುರುತಿಸಲಿಲ್ಲ.

"ಮುಟ್ಟಬ್ಯಾಡ ತಾಯಿ, ಹಸಿ ಅದ," ಎಂದು ಅಯ್ಯನವರು ಒಳಗಿನಿಂದಲೇ ಕೂಗಿದರು.

ಆದರೆ ಅವಳ ಕೈ ಆಗಲೇ ಮುಂದೆ ಹೋಗಿತ್ತು. ಮೊದಲನೆಯದು ಭಾರ. ಎರಡನೆಯದೂ ಭಾರ. ಮೂರನೆಯದು ಎತ್ತಿದರೆ ಎತ್ತಿದ್ದೇ ಗೊತ್ತಾಗಲಿಲ್ಲ. ಒಣಗಿದ ಸೋರೆಬುರುಡೆಯ ಹಾಗೆ ಹಗುರ. ಇಷ್ಟು ಹಗುರವಿರಬಾರದು. ಒಳಗಿನ ಮಣ್ಣು ಎಲ್ಲಿ ಹೋಯಿತು?

"ಅಯ್ಯನೋರ, ಇದರಾಗಿಂದು ಮಣ್ಣು?"

"ತೆಗದೆ," ಎಂದರು ರೇವಣಸಿದ್ಧಯ್ಯ ಪಂಚೆಗೆ ಕೈ ಒರೆಸುತ್ತ. "ಒಳಗ ಮಣ್ಣಿದ್ರ ನೀರ ಕುಡಿತದ, ಲೇಪ ಬಿರಿತದ. ನಮ್ಮಪ್ಪ ಕಲಿಸಿದ್ದು. ಒಂದು ರಾತ್ರಿ ತ್ವಾಯಿಸಿ, ದಬ್ಬಣದಿಂದ ಕೆದರಿ ಕೆದರಿ ತೆಗದೆ. ಮ್ಯಾಲಿನ ತೂತ ಮುಚ್ಚೀನಿ. ಬುಡದ್ದು ಇವತ್ತ ಸಂಜಿಗಿ ಮುಚ್ಚಾವ."

ದಬ್ಬಣ! ಮೂಟೆ ಹೊಲಿಯುವ ದಬ್ಬಣ! ಎರಡಕ್ಕೆ ಕಾಲೇಜಿನಲ್ಲಿ ಇದನ್ನು ತೋರಿಸಬೇಕೆಂದು ಹೇಳಿ ಸುಮಂಗಲಾ ತಿರುಗಿಸಿ ನೋಡುವಷ್ಟರಲ್ಲಿ ಅಯ್ಯನವರು ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ರಂಭಾಬಾಯಿಯ ಸೆರಗಿಗೆ ಹಾಕಿದರು.

"ತಂದವರು ನಿಮ್ಮ ಯಜಮಾನ್ರು. ಅದಕ್ಕ ನಿಮ್ಮ ಕೈಯಾಗೇ ಕೊಡ್ತೀನಿ. ಮಗಳ ಕೆಲಸ ಮುಗಿಸ್ಕೊಂಡು ಸಂಜೀಕ ತರ್ರಿ, ನಾಳಿ ಮುಂಜಾನಿ ದೀಕ್ಷಾ. ದೀಕ್ಷಾ ಆಗೋ ತನಕ ಅದು ಬರೇ ಕಲ್ಲು. ಆದರ ಲೇಪ ಹಾಕಿದ್ಮ್ಯಾಲ ಕೆರೀಬಾರ್ದು, ನೆನಪಿರ್ಲಿ. ಕೆರದ್ರ ಛಲೋ ಅಲ್ಲ."

"ಕೆರಿಯೋರ ಕೈ ಮುರಿತೀನಿ," ಎಂದು ರಂಭಾಬಾಯಿ ಮಗಳ ಕಡೆ ನೋಡಿದಳು.

ಉದಗೀರದ ಬಸ್ಸಿನಲ್ಲಿ ಅದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅವ್ವನ ಮಡಿಲಲ್ಲಿ ಕೂತಿತ್ತು.

"ಒಮ್ಮಿ ಬುಡ ನೋಡ್ತೀನಿ, ಕೊಡವ್ವಾ."

"ಬಸ್ಸು ಕುಣಿಲತ್ತದ. ಬಿದ್ರ?"

"ಬೀಳ್ಸಂಗಿಲ್ಲ."

"ಹೋದ ತಿಂಗಳ ಚಹಾದ ಕಪ್ಪಿಗೂ ಹಿಂಗೇ ಅಂದಿದ್ದಿ."

ಸುಮಂಗಲಾ ಕಿಟಕಿಗೆ ಹಣೆ ಕೊಟ್ಟಳು. ಈ ಜೀವದ ಮನೆಕಟ್ಟು ಅವಳಿಗೆ ಬಾಯಿಪಾಠ. ಚಿಪ್ಪಿನ ಮೇಲೆ ಐದು ಅಗಲ ಪಟ್ಟಿ, ಅವುಗಳ ನಡುವೆ ಐದು ಕಿರಿದಾದ ಪಟ್ಟಿ. ಅಗಲ ಪಟ್ಟಿಯ ಮೇಲೆ ಮುಳ್ಳು ಕೂರುವ ಗುಬುಟು. ಅವ್ವ ಲಿಂಗವೆಂದದ್ದು ಅದನ್ನೇ. ಕಿರಿದಾದ ಪಟ್ಟಿಯಲ್ಲಿ ಸೂಜಿಮೊನೆಯಂಥ ತೂತುಗಳ ಸಾಲು. ಅದರಿಂದಲೇ ಜೀವವು ಎಳೆಯೆಳೆ ಕಾಲುಗಳನ್ನು ಹೊರಚಾಚುತ್ತಿತ್ತು. ಬುಡದಲ್ಲಿ ಬಾಯಿ, ಬಾಯಲ್ಲಿ ಐದು ಹಲ್ಲು. ಎತ್ತು ಕಟ್ಟಲು ಗೂಟ ಬೇಕಲ್ಲ, ಹಾಗೆ ಆ ಹಲ್ಲಿನ ದವಡೆಯನ್ನು ಹಿಡಿದೆಳೆಯುವ ಸ್ನಾಯುಗಳಿಗೂ ಬಾಯಿಯಂಚಿನ ಒಳಗಡೆ ಗೂಟ ಬೇಕು. ಇಡೀ ಜಗಳ ಈ ಗೂಟದ್ದು. ಈಚಿನ ಕುಲದವು ಗೂಟವನ್ನು ತೂತಿನ ಪಟ್ಟಿಯ ಮೇಲೆ ನೆಡುತ್ತವೆ. ಹಳೆಯ ಕುಲದವು, ಸಿಡಾರಾಯ್ಡ್ ಎಂದು ಪುಸ್ತಕ ಕರೆಯುವ ಹಿರೀಕರು, ತೂತಿನ ಪಟ್ಟಿಯನ್ನು ಬಿಟ್ಟು ನಡುವಿನ ಅಗಲ ಜಾಗದಲ್ಲಿ ನೆಡುತ್ತವೆ. ಇದೊಂದು ಕಂಡರೆ ಮಾತು ಮುಗಿಯಿತು. ಆದರೆ ಆ ಗೂಟ ಉಗುರಿನ ಚೂರಿನಷ್ಟು ತೆಳುವು. ಅದರ ಮೇಲೆ ದಬ್ಬಣ ಆಡಿದೆ.

ಉದಗೀರ ತಲುಪಿದಾಗ ಎರಡಾಗಿ ಹತ್ತು ನಿಮಿಷ. ಇಬ್ಬರೂ ಓಡುನಡಿಗೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದರು.

ಮೀನಲ ಮೇಡಂ ಮೇಜಿನ ಮುಂದೆ ಕೂತಿದ್ದರು. ಮರಾಠಿಯಲ್ಲಿ, ದನಿ ಏರಿಸದೆ, ಕೇಳಿದರು: "ಎಲ್ಲಿದೆ?"

ರಂಭಾಬಾಯಿ ಬಟ್ಟೆ ಬಿಚ್ಚಿ ಕಪ್ಪು ಗುಂಡನ್ನು ಮೇಜಿನ ಮೇಲೆ, ಬುಡ ಕೆಳಗಾಗಿ, ದೇವರನ್ನಿಡುವ ಹಾಗೆ ಇಟ್ಟಳು.

ಮೇಡಂ ಅದನ್ನು ನೋಡಿದರು. ಸುಮಂಗಲಾಳನ್ನು ನೋಡಿದರು. "ಇದೇನು ತಮಾಷೆಯಾ?"

"ಮನೆಯಲ್ಲಿ... ತಿಳಿಯದೆ ಲೇಪ ಹಾಕಿಸಿಬಿಟ್ಟರು ಮೇಡಂ. ಮುಳ್ಳು ಇವೆ, ನೋಡಿ." ಅವಳು ಡಬ್ಬಿ ಮುಂದೆ ಸರಿಸಿದಳು.

ಮೇಡಂ ಒಂದು ಮುಳ್ಳನ್ನು ಬೆಳಕಿಗೆ ಹಿಡಿದರು. ದಪ್ಪ, ಒರಟು, ಮೇಲೆ ಬೇರೆ ಹುಳಗಳು ಕಟ್ಟಿದ ಸುಣ್ಣದ ಗೂಡು. "ಮುಳ್ಳಿನ ಮೇಲೆ ತೊಗಲಿರಲಿಲ್ಲ, ಅದಕ್ಕೇ ಪರರು ಮನೆ ಕಟ್ಟಿದ್ದಾರೆ. ಹಳೆಯ ಗಣದ ಲಕ್ಷಣವೇ, ಒಪ್ಪುತ್ತೇನೆ. ಆದರೆ ಈ ಮುಳ್ಳು ಈ ಚಿಪ್ಪಿನದೇ ಎಂದು ಹೇಗೆ ನಂಬಲಿ? ಲೇಪ ಸ್ವಲ್ಪ ಕೆರೆಯೋಣ, ಪಟ್ಟಿಗಳಾದರೂ ಕಾಣಲಿ." ತಟ್ಟೆಯಿಂದ ಚೂಪು ಚಾಕು ಎತ್ತಿಕೊಂಡರು.

ರಂಭಾಬಾಯಿಯ ಅಂಗೈ ಥಟ್ಟನೆ ಗುಂಡಿನ ಮೇಲೆ ಕೂತಿತು. ಮರಾಠಿ ಅವಳಿಗೆ ನೀರು ಕುಡಿದಷ್ಟು ಸಲೀಸು. "ಬಾಯೀ, ಇದಕ್ಕೆ ಚಾಕು ಹಚ್ಚಬೇಡಿ. ನಮ್ಮ ಸೊಸೆ ಎಂಟು ತಿಂಗಳ ಬಸುರಿ. ಅವಳ ಹೊಟ್ಟೆಯ ಕೂಸಿನ ಲಿಂಗ ಇದು."

"ಆಯಿ, ಕೈ ತೆಗೀರಿ."

"ತೆಗೆಯುವುದಿಲ್ಲ."

"ಸುಮಂಗಲಾ, ನನಗೆ ನಾಲ್ಕಕ್ಕೆ ಲಾತೂರಿನಲ್ಲಿ ಇನ್ನೊಂದು ಕೆಲಸವಿದೆ. ಐದು ನಿಮಿಷ. ಆಮೇಲೆ ನಾನು ಬರೆಯುವುದನ್ನು ಬರೆದು ಏಳುತ್ತೇನೆ."

ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಸುಮಂಗಲಾ ಅವ್ವನ ಕಡೆ ತಿರುಗಿದಳು. ಒಂದು ಸುಳ್ಳನ್ನು ಆರು ವರ್ಷ ಸಾಕಿದ್ದಳು; ಮೀನಿನ ವಾಸನೆಗೆ ಬಾಗಿಲು ಮುಚ್ಚಿಕೊಳ್ಳುವ ಮನೆಯವರ ಮುಂದೆ ಬೇರೆ ಏನು ಹೇಳಲಿಕ್ಕಿತ್ತು?

"ಅವ್ವಾ," ಎಂದಳು. "ಅದು ಲಿಂಗ ಅಲ್ಲ. ಕಲ್ಲೂ ಅಲ್ಲ. ನಾ ಸುಳ್ಳ ಹೇಳಿದ್ದೆ. ಅದು ಸಮುದ್ರದಾಗಿನ ಜೀವ. ಬಾಯಿ ಇತ್ತು, ಹಲ್ಲಿತ್ತು, ತಿರಗಾಡ್ತಿತ್ತು. ಸತ್ತದ್ದರ ಎಲುಬದು."

ಒಂದು ಗಳಿಗೆ ರಂಭಾಬಾಯಿಗೆ ಅರ್ಥವೇ ಆಗಲಿಲ್ಲ. ಆದ ಕೂಡಲೇ ಕೆಂಡ ಮುಟ್ಟಿದವಳಂತೆ ಕೈ ಸೆಳೆದುಕೊಂಡಳು. ಗುಂಡು ಉರುಳಿತು. ಮೇಜಿನ ಮೇಲೆ ಒಂದು ಸುತ್ತು, ಎರಡು ಸುತ್ತು, ಅಂಚು. ಮೀನಲ ಮೇಡಂ ಕೈಚಾಚಿದರು, ಎಟುಕಲಿಲ್ಲ.

ಎಟುಕಿದ್ದು ಸೆರಗು. ನಲವತ್ತು ವರ್ಷ ರಾಶಿ ಕಣದಲ್ಲಿ ಸಿಡಿದ ಕಾಳನ್ನು ಸೆರಗೊಡ್ಡಿ ಹಿಡಿದ ಹೆಂಗಸು. ಮನಸ್ಸು ಬೇಡವೆಂದರೂ ಸೆರಗು ತಾನಾಗಿ ಮುಂದೆ ಹೋಯಿತು. ಗುಂಡು ಅದರೊಳಗೆ ಬಿದ್ದು ಬುಡ ಮೇಲಾಗಿ ನಿಂತಿತು.

"ಹದಿಮೂರು ದಿನಾ," ಎಂದಳು ರಂಭಾಬಾಯಿ. "ಹದಿಮೂರು ದಿನಾ ಹೆಣಕ್ಕ ವಿಭೂತಿ ಹಚ್ಚಿ ಹೂ ಏರಿಸೀನಿ ನಾ. ನನ್ನ ಕೈಲೆ ಮಾಡಿಸಿದಿ ನೀ."

"ತಪ್ಪಾತವ್ವಾ. ನಿಂದರು, ಅಲಗಾಡಬ್ಯಾಡ."

"ಅಲಗಾಡ್ಲಿಕ್ಕ ನನಗ ಮೈಯಾಗ ಜೀವ ಎಲ್ಲದ?" ಎಂದು ಅವಳು ಸೆರಗನ್ನೇ ನೋಡುತ್ತ ನಿಂತಳು. ಕಿಟಕಿಯ ಬಿಸಿಲು ನೇರ ಆ ಬುಡದ ಬಾಯಿಯೊಳಗೆ ಬೀಳುತ್ತಿತ್ತು. ಸಿಟ್ಟಿದ್ದ ಮುಖದಲ್ಲಿ ಹುಬ್ಬು ಮೆಲ್ಲಗೆ ಗಂಟಿಕ್ಕಿತು. "ಒಳಗ ಯಾರೋ ರಂಗೋಲಿ ಚುಕ್ಕಿ ಇಟ್ಟಾರ."

"ಏನು?"

"ಬೆಳ್ಳಗ ಅದ ಒಳಗ. ಅದರ ಮ್ಯಾಲ ಕರಿ ಚುಕ್ಕಿ. ಸಾಲ ಸಾಲ. ಐದು ಕಡಿ."

ಸುಮಂಗಲಾಳಿಗೆ ಹೊಳೆಯಿತು. ತೂತುಗಳು! ಅಯ್ಯನವರ ಹಸಿ ಲೇಪ ಹೊರಗಿನಿಂದ ಸೂಜಿಮೊನೆಯ ತೂತುಗಳಲ್ಲಿ ಇಳಿದು, ಒಳಗೋಡೆಯ ಮೇಲೆ ಒಂದೊಂದೂ ಕಪ್ಪು ಚುಕ್ಕಿಯಾಗಿ ನಿಂತಿದೆ. ಆರು ವರ್ಷದಲ್ಲಿ ತೂತಿನ ಪಟ್ಟಿ ಇಷ್ಟು ಸ್ಪಷ್ಟ ಕಂಡದ್ದಿಲ್ಲ. ಅವ್ವನ ಬಾಯಿಂದ ಮುಂದಿನ ಮಾತು ತಾನಾಗಿ ಬರಬೇಕು. ತಾನು ಹೇಳಿಕೊಡಬಾರದು.

"ಮತ್ತೇನ್ ಕಾಣ್ತದವ್ವಾ? ಬಾಯಿ ಅಂಚಿಗಿ?"

"ಸಣ್ಣ ಸಣ್ಣ ಗೋಡಿ ಎದ್ದಾವ. ಇಲ್ಲೊಂದು. ಇಲ್ಲಿ ಮುರದದ. ಇಲ್ಲೊಂದು, ಅಲ್ಲೊಂದು. ಅದರ ಬಾಜೂದ್ದೂ ಮುರದದ."

"ಗೋಡಿ ಎಲ್ಲಿ ಅವ? ಚುಕ್ಕಿ ಮ್ಯಾಲೋ, ಚುಕ್ಕಿ ಬಿಟ್ಟೋ?"

ರಂಭಾಬಾಯಿ ಬಗ್ಗಿದಳು. ಅವ್ವ ಗೋಡಿ ಅಂದದ್ದೇ ಸುಮಂಗಲಾಳ ಗೂಟ.

"ಚುಕ್ಕಿ ಮ್ಯಾಲ ಒಂದೂ ಇಲ್ಲ. ಚುಕ್ಕಿ ಸಾಲಿನ ನಡುಕ ಅಗಲ ಜಾಗ ಅದಲ್ಲ, ಅಲ್ಲಿ ಅವ. ಮೂರೂ ಅಲ್ಲೇ."

ಮೀನಲ ಮೇಡಂಗೆ ಕನ್ನಡ ಪೂರ್ತಿ ಬರದು. ಆದರೆ ಅವರು ಆಗಲೇ ಎದ್ದುಬಂದಿದ್ದರು. ಕೈಯಲ್ಲಿ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ. ಸೆರಗಿನ ಮೇಲೆ ಬಾಗಿ ಕನ್ನಡಿಯನ್ನು ಬಾಯಿಯೊಳಗೆ ಇಳಿಸಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಬಾಯಿಯ ಅಂಚನ್ನು ಬೆರಳ ಉಗುರಿನಿಂದ ಸುತ್ತಲೂ ಸವರಿದರು. ಕಿವಿರು ಹೊರಚಾಚಲು ಅಂಚಿನಲ್ಲಿ ಕಚ್ಚುಗಳಿವೆಯೇ ಎಂದು ಹುಡುಕುತ್ತಿದ್ದಾರೆಂದು ಸುಮಂಗಲಾಳಿಗೆ ಗೊತ್ತಿತ್ತು. ಈಚಿನ ಕುಲದವಕ್ಕೆ ಇರುತ್ತವೆ, ಹಳೆಯವಕ್ಕೆ ಇಲ್ಲ. ಉಗುರು ಎಲ್ಲೂ ತಡೆಯದೆ ಒಂದು ಸುತ್ತು ಮುಗಿಸಿತು.

"ಐದರಲ್ಲಿ ಎರಡು ಹೋಗಿವೆ," ಎಂದರು ಕೊನೆಗೆ.

"ಹೌದು ಮೇಡಂ."

"ಮೂರು ಸಾಕು." ಅವರು ಕುರ್ಚಿಗೆ ಮರಳಿ ಪೆನ್ನು ಬಿಚ್ಚಿದರು. ಬರೆಯುತ್ತ ಬರೆಯುತ್ತ ಕೇಳಿದರು: "ಒಳಗೆ ಸ್ವಚ್ಛ ಮಾಡಿದವರು ಯಾರು?"

"ನಿಲಂಗಾದ ಮಠಪತಿ ಅಯ್ಯನವರು."

"ಎರಡು ವರ್ಷದ ಹಿಂದೆಯೇ ಅವರ ಬಳಿ ಹೋಗಬಾರದಿತ್ತೇ?"

ಸುಮಂಗಲಾ ಚಿಪ್ಪನ್ನು ಅವ್ವನ ಸೆರಗಿನಿಂದ ಎತ್ತಿ ಹತ್ತಿಯ ಮೇಲಿಟ್ಟಳು. ಡಬ್ಬಿ ಮುಚ್ಚಿದಳು. ತಿರುಗಿ ನೋಡಿದರೆ ಅವ್ವ ಇರಲಿಲ್ಲ.

ಹೊರಗೆ ನಲ್ಲಿಯ ಕೆಳಗೆ ರಂಭಾಬಾಯಿ ಮೂರನೇ ಸಲ ಮೊಳಕೈವರೆಗೆ ತೊಳೆದುಕೊಳ್ಳುತ್ತಿದ್ದಳು. ಸೆರಗಿನ ಅಂಚೂ ಒದ್ದೆ.

"ಅವ್ವಾ, ಆತು. ಒಪ್ಪಿದ್ರು."

"ಆಗ್ಲಿ. ನನ್ನ ಜೋಡಿ ಎಂಟು ದಿನ ಮಾತಾಡಬ್ಯಾಡ." ನಲ್ಲಿ ನಿಲ್ಲಿಸಿದಳು. "ಅದಕ್ಕ ಹಲ್ಲು ಎಷ್ಟಿದ್ದವು?"

"ಐದು."

"ಹಲ್ಲೂ ಐದೇ," ಎಂದು ತನ್ನಷ್ಟಕ್ಕೆ ಅಂದುಕೊಂಡು ಫೋನು ತೆಗೆದು, ಊರಿಗೆಲ್ಲ ಕೇಳುವ ಹಾಗೆ ಒದರಿದಳು:

"ಅಯ್ಯನೋರ, ಶರಣ್ರೀ! ನಾ ರಂಭಾಬಾಯಿ, ದಾಳಿಂಬದಾಕಿ. ನಾಳಿಗಿ ನಮ್ಮ ಸೊಸಿಗಿ ಹಲಗಿ ಮ್ಯಾಲಿಂದು ಬ್ಯಾರೆ ಲಿಂಗ ಕೊಡ್ರಿ. ಹೂಂ, ಭಾರ ಇರೋದು. ಕಲ್ಲಿಂದೇ ಬೇಕು. ಮತ್ತ ಅಯ್ಯನೋರ, ನಿಮ್ಮ ಆ ದಬ್ಬಣ ಜರಾ ಕುದಿಯೋ ನೀರಾಗ ತೊಳಕೋರಿ. ಯಾಕಂತ ಮಾತ್ರ ಕೇಳಬ್ಯಾಡ್ರಿ."