ತುದಿಯ ಮೊಗ್ಗು

"ರೀ, ಏನ್ ಮಾಡ್ತಿದೀರಾ ಅಲ್ಲಿ?"

ಕಿಟಕಿಯ ಒಳಗಿನಿಂದ ಹೆಂಡತಿಯ ದನಿ ಬಂದಾಗ ಅವನು ಅಂಗಳದ ಗಿಡವನ್ನು ದುಂಡಗೆ ಕತ್ತರಿಸಿ ಮುಗಿಸಿ, ತನ್ನ ಕೆಲಸವನ್ನು ತಾನೇ ಮೆಚ್ಚುತ್ತ ನಿಂತಿದ್ದ. ಊರ ಉದ್ಯಾನದಲ್ಲಿ ಬೇಲಿಗಿಡ ಸವರುತ್ತಲೇ ಕೂದಲು ಹಣ್ಣಾಗಿಸಿಕೊಂಡವನು. ಜೊತೆಯವರ ಬಾಯಲ್ಲಿ ಅವನು ಕತ್ತರಿಯಣ್ಣ.

"ತುದಿ ಸವರಿದೆ ಕಣೇ. ಕಾಡಿನ ಥರ ಬೆಳೆದಿತ್ತು. ಇನ್ನು ಒತ್ತಾಗಿ ಚಿಗುರುತ್ತೆ, ಚಳಿಗಾಲಕ್ಕೆ ಹೂವೂ ಜಾಸ್ತಿ ಬಿಡುತ್ತೆ."



ಆ ಗಿಡವನ್ನು ಅವಳ ಅಣ್ಣ, ಹಡಗಿನ ಅಡುಗೆಯವನು, ಯಾವುದೋ ದ್ವೀಪದ ಕಾಡಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ವರ್ಷವಿಡೀ ಹಸಿರು, ಚಳಿಗೆ ಬಿಳಿ ಹೂ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಎಷ್ಟೋ ವರ್ಷ ಬರೀ ಎಲೆ ತೋರಿಸಿ ಸತಾಯಿಸಿದ ಗಿಡ ಮೊದಲ ಸಲ ಹೂ ಬಿಟ್ಟದ್ದು ಹೋದ ಚಳಿಗಾಲ, ಅವಳು ಆಸ್ಪತ್ರೆಯಲ್ಲಿದ್ದಾಗ. "ಈ ಸಲ ನೋಡೇ ಹೋಗೋದು" ಎಂದು ಅವಳು ನಗುತ್ತ ಹೇಳುತ್ತಿದ್ದಳು. ಅದರಾಚೆಯ ಚಳಿಗಾಲದ ಮಾತನ್ನು ಡಾಕ್ಟರೂ ಎತ್ತಿರಲಿಲ್ಲ.

"ಕತ್ತರಿಸಿದ್ದು ಒಂದು ಕೊಂಬೆ ತನ್ನಿ ಇಲ್ಲಿ."

ತಂದುಕೊಟ್ಟ. ತುದಿಯಲ್ಲಿದ್ದ ಹಸಿರು ಗುಂಡನ್ನು ಅವಳು ಉಗುರಿನಿಂದ ಸೀಳಿದಳು. ಒಳಗೆ ಒಂದರ ಮೇಲೊಂದು ಮಡಿಸಿಕೊಂಡಿದ್ದ ಬಿಳಿ ಪಕಳೆಗಳು. ಬೇಲಿಗಿಡಕ್ಕೆ ಹೂವಿನ ಗೊಡವೆಯಿಲ್ಲ, ಯಾವಾಗ ಕತ್ತರಿಸಿದರೂ ನಡೆದೀತು. ಈ ಗಿಡ ಬೇಸಿಗೆಯಲ್ಲೇ ಮೊಗ್ಗು ಕಟ್ಟಿಕೊಂಡು ಚಳಿಗೆ ಕಾಯುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಆ ಗುಂಡುಗಳನ್ನು ಚಿಗುರಿನ ಗಂಟು ಎಂದುಕೊಂಡಿದ್ದ.

"ಒಂದಾದ್ರೂ ಉಳಿದಿದ್ಯಾ ನೋಡಿ."

ಹೋಗಿ ಎಲೆ ಎಲೆ ಸರಿಸಿ ಹುಡುಕಿದ. ಅರೆಬರೆ ಕೆಲಸ ಅವನ ಕೈಗೆ ಗೊತ್ತೇ ಇರಲಿಲ್ಲ. ಒಂದೂ ಉಳಿದಿರಲಿಲ್ಲ. ಆ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

"ನೀರಲ್ಲಿಟ್ಟರೆ ಅರಳಬಹುದೇನೋ..."

"ಇಷ್ಟು ಎಳೇದು ಎಲ್ಲಿ ಅರಳುತ್ತೆ, ಬಿಡಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ಹೋಗ್ಲಿ, ಕೂತ್ಕೊಳ್ಳಿ. ಹೋದ ಸಲ ಹೇಗಿತ್ತು, ಸರಿಯಾಗಿ ಹೇಳಿ. ನೀವಾದ್ರೂ ನೋಡಿದೀರಲ್ಲ."

ಹೋದ ಚಳಿಗಾಲ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದವನು ಗಿಡದ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ದಿನ ಚಪ್ಪಲಿಯಡಿ ಏನೋ ಮೆತ್ತಿಕೊಂಡಿತ್ತು. ಕೆರೆದು ನೋಡಿದರೆ ಕೊಳೆತ ಪಕಳೆ. ಗಿಡ ಹೂ ಬಿಟ್ಟಿತ್ತೆಂದು ಅವನಿಗೆ ತಿಳಿದದ್ದೇ ಹಾಗೆ.

ಸ್ಟೂಲು ಎಳೆದು ಕೂತ.

"ಬೆಳ್ಳಗಿತ್ತು" ಎಂದ.

ಅವಳು ಸೀಳಿದ ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಮುಂದಿನ ಮಾತಿಗೆ ಕಾಯುತ್ತಿದ್ದಳು.